ಮನೆಗೂ ಪ್ರಯಾಣಕ್ಕೂ ಒಂದೇ ಲ್ಯಾಪ್‌ಟಾಪ್: ಆರಿಸುವ ಬಗೆ

ತೆಂಗಿನಕಾಯಿಯನ್ನು ಕೊಳ್ಳುವವನು ಅದನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ನೋಡುತ್ತಾನೆ. ಸೀರೆಯನ್ನು ಕೊಳ್ಳುವವಳು ಸೆರಗನ್ನು ಬೆಳಕಿಗೆ ಹಿಡಿದು ನೇಯ್ಗೆಯನ್ನು ಪರೀಕ್ಷಿಸುತ್ತಾಳೆ. ತೆಂಗಿನಕಾಯಿಗಿಂತ ಸಾವಿರ ಪಾಲು ಹೆಚ್ಚು ಬೆಲೆಯ ಲ್ಯಾಪ್‌ಟಾಪನ್ನು ಕೊಳ್ಳುವಾಗ ಮಾತ್ರ ನಮ್ಮಲ್ಲಿ ಅನೇಕರು ಅಂಗಡಿಯವನ ಮಾತನ್ನು ಕೇಳಿ, ಯಂತ್ರದ ಮೇಲೆ ಅಂಟಿಸಿರುವ ಬಣ್ಣದ ಚೀಟಿಯನ್ನು ನೋಡಿ ಹಣವನ್ನು ಎಣಿಸಿಬಿಡುತ್ತಾರೆ. ಇದಕ್ಕೆ ಉದಾಸೀನವು ಕಾರಣವಲ್ಲ; ಆ ಚೀಟಿಯಲ್ಲಿರುವ ಅಂಕೆಗಳು ಯಾವುದನ್ನು ಅಳೆಯುತ್ತವೆ ಎಂಬುದು ತಿಳಿಯದಿರುವುದೇ ಕಾರಣ. ಆದರೆ ಅವುಗಳಲ್ಲಿ ಬಹುಪಾಲು ಅಂಕೆಗಳು ಪ್ರೌಢಶಾಲೆಯ ಭೌತಶಾಸ್ತ್ರವನ್ನು ಓದಿದವರಿಗೆ ಎಟುಕತಕ್ಕವೇ ಆಗಿವೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಸಂಸಾರದಲ್ಲಿ ಯಜಮಾನರಿಗೋ ಯಜಮಾನಿತಿಗೋ ವ್ಯಾಪಾರದ ನಿಮಿತ್ತ ತಿಂಗಳಿಗೆರಡು ಸಲ ಮುಂಬಯಿಗೋ ದೆಹಲಿಗೋ ಹೋಗುವ ಕೆಲಸವುಂಟು. ವರ್ಷಕ್ಕೊಮ್ಮೆ ಹೊರದೇಶದ ಪ್ರಯಾಣವೂ ಉಂಟು. ಉಳಿದ ದಿನಗಳಲ್ಲಿ ಅದೇ ಯಂತ್ರದಲ್ಲಿ ಮನೆಯ ಲೆಕ್ಕ, ಪತ್ರವ್ಯವಹಾರ, ಮಕ್ಕಳ ಪಾಠ, ಒಮ್ಮೊಮ್ಮೆ ಚಲನಚಿತ್ರ, ಇವೆಲ್ಲ ನಡೆಯಬೇಕು. ಮನೆಯಲ್ಲಿ ಕುಳಿತಾಗ ಪರದೆ ದೊಡ್ಡದಿರಲಿ ಎನಿಸುತ್ತದೆ. ಹೆಗಲಿಗೆ ಏರಿಸಿದಾಗ ಹಗುರವಾಗಿರಲಿ ಎನಿಸುತ್ತದೆ. ಈ ಎರಡು ಬಯಕೆಗಳ ಜಗಳವನ್ನು ತೀರಿಸುವುದೇ ಆಯ್ಕೆಯ ಮುಖ್ಯ ಸಮಸ್ಯೆ.

ಈ ಜಗಳ ಹೊಸದೇನೂ ಅಲ್ಲ. ಅಮೆರಿಕದ ಅಲನ್ ಕೇ ಎಂಬ ವಿಜ್ಞಾನಿಗಳು ಪುಸ್ತಕದಂತೆ ಹೊತ್ತೊಯ್ಯಬಹುದಾದ ಗಣಕಯಂತ್ರವನ್ನು 1972ರಲ್ಲಿಯೇ ಕಲ್ಪಿಸಿ ಅದಕ್ಕೆ 'ಡೈನಾಬುಕ್' ಎಂದು ಹೆಸರಿಟ್ಟರು. ಆದರೆ 1981ರಲ್ಲಿ ಮಾರಾಟಕ್ಕೆ ಬಂದ 'ಆಸ್ಬಾರ್ನ್ 1' ಎಂಬ ಒಯ್ಯಬಹುದಾದ ಗಣಕದ ತೂಕ ಸುಮಾರು 11 ಕಿಲೋಗ್ರಾಂ. ಅದರ ಪರದೆಯ ಕರ್ಣ ಕೇವಲ 5 ಅಂಗುಲ. ಅದರೊಳಗೆ ಬ್ಯಾಟರಿಯೇ ಇರಲಿಲ್ಲ. ಹೊರೆ, ಪರದೆ, ಶಕ್ತಿ ಎಂಬ ಈ ಮೂರು ತೊಡಕುಗಳು ಇಂದು ಬಹುಮಟ್ಟಿಗೆ ಸಡಿಲಗೊಂಡಿವೆಯೇ ಹೊರತು ಇಲ್ಲವಾಗಿಲ್ಲ.

ಪರದೆಯೂ ಕಣ್ಣೂ

ಪರದೆಯ ಅಳತೆಯನ್ನು ಕರ್ಣದ ಉದ್ದದಿಂದ ಹೇಳುವುದು ರೂಢಿ. ವಿಸ್ತೀರ್ಣವು ಕರ್ಣದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ 14 ಅಂಗುಲಕ್ಕೂ 15.6 ಅಂಗುಲಕ್ಕೂ ಇರುವ ಅಂತರ ಕೇಳಲು ಅಲ್ಪವೆನಿಸಿದರೂ, ಆಕಾರ ಒಂದೇ ಆಗಿದ್ದರೆ, ವಿಸ್ತೀರ್ಣದಲ್ಲಿ ಶೇಕಡ 24ರಷ್ಟು ಹೆಚ್ಚಳವಾಗುತ್ತದೆ. ಇದರೊಡನೆ ಕವಚ ದೊಡ್ಡದಾಗುತ್ತದೆ, ತೂಕವೂ ಏರುತ್ತದೆ. ಉದ್ದಗಲಗಳ ಪ್ರಮಾಣವನ್ನೂ ಗಮನಿಸಬೇಕು. 16:9 ಎಂಬ ಪ್ರಮಾಣದ ಪರದೆ ಚಲನಚಿತ್ರಕ್ಕೆ ಅನುಕೂಲ. 16:10ರ ಪರದೆ ಎತ್ತರದಲ್ಲಿ ಸ್ವಲ್ಪ ಹೆಚ್ಚಿರುವುದರಿಂದ ಪತ್ರ ಮತ್ತು ಲೆಕ್ಕದ ಹಾಳೆಗಳಿಗೆ ಹಿತ.

ಪರದೆಯ ಮೇಲಿನ ಚಿತ್ರವು ಪಿಕ್ಸೆಲ್‌ಗಳೆಂಬ ಸಣ್ಣ ಚುಕ್ಕೆಗಳಿಂದಾದದ್ದು. 1920×1080 ಎಂದು ಬರೆದಿದ್ದರೆ ಅಡ್ಡಸಾಲಿನಲ್ಲಿ 1920, ಕಂಬಸಾಲಿನಲ್ಲಿ 1080 ಚುಕ್ಕೆಗಳಿವೆಯೆಂದು ಅರ್ಥ. 14 ಅಂಗುಲದ ಪರದೆ ಸುಮಾರು 31 ಸೆಂಟಿಮೀಟರ್ ಅಗಲವಾಗಿರುತ್ತದೆ. ಆದುದರಿಂದ ಒಂದೊಂದು ಚುಕ್ಕೆಯ ಅಗಲ ಸುಮಾರು 0.16 ಮಿಲಿಮೀಟರ್. ಆರೋಗ್ಯವಾದ ಕಣ್ಣು ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ಅವು ಕಣ್ಣಿನಲ್ಲಿ ಸುಮಾರು ಒಂದು ಕಲೆಯಷ್ಟು, ಎಂದರೆ ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು, ಕೋನವನ್ನು ಮಾಡಬೇಕು. 55 ಸೆಂಟಿಮೀಟರ್ ದೂರದಲ್ಲಿ ಈ ಕೋನಕ್ಕೆ ಸರಿಯಾದ ಉದ್ದವೂ 0.16 ಮಿಲಿಮೀಟರೇ. ಹೀಗಾಗಿ ಸಾಧಾರಣ ದೂರದಲ್ಲಿ ಕುಳಿತು ಓದುವವರಿಗೆ ಈ ಪರದೆಯ ಅಕ್ಷರಗಳು ನುಣುಪಾಗಿಯೇ ಕಾಣುತ್ತವೆ. ಇದಕ್ಕಿಂತ ಬಹಳ ಸೂಕ್ಷ್ಮವಾದ ಪರದೆಗೆ ಕೊಡುವ ಹೆಚ್ಚಿನ ಹಣ ಛಾಯಾಚಿತ್ರಕಾರರಂಥವರಿಗೆ ಸಾರ್ಥಕ. ಲೆಕ್ಕ ಬರೆಯುವವರಿಗೆ ಅಷ್ಟಾಗಿ ಅಲ್ಲ. ಇದಕ್ಕೆ ವಿರುದ್ಧವಾಗಿ, 15.6 ಅಂಗುಲದ ಪರದೆಯಲ್ಲಿ 1366×768 ಚುಕ್ಕೆಗಳೇ ಇದ್ದರೆ ಒಂದೊಂದು ಚುಕ್ಕೆ 0.25 ಮಿಲಿಮೀಟರಿನಷ್ಟಾಗಿ, ಸುಮಾರು 87 ಸೆಂಟಿಮೀಟರ್ ದೂರದವರೆಗೂ ಅಕ್ಷರಗಳ ಅಂಚು ಒರಟಾಗಿ ಕಾಣಬಲ್ಲುದು. ಪರದೆ ದೊಡ್ಡದಾದ ಮಾತ್ರಕ್ಕೆ ಒಳ್ಳೆಯದಾಗಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಪರದೆಯ ಪ್ರಕಾಶವನ್ನು 'ನಿಟ್' ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲ ಎಂದರೆ ಒಂದು ನಿಟ್. ಮನೆಯೊಳಗೆ 250 ನಿಟ್ ಸಾಕು. ರೈಲಿನ ಕಿಟಕಿಯ ಪಕ್ಕದಲ್ಲಿ, ವಿಮಾನನಿಲ್ದಾಣದ ಗಾಜಿನ ಗೋಡೆಯ ಬಳಿಯಲ್ಲಿ ಕೆಲಸ ಮಾಡಬೇಕಾದವರು 300ರಿಂದ 400 ನಿಟ್ ಉಳ್ಳದ್ದನ್ನು ಆರಿಸುವುದು ಲೇಸು. ಕನ್ನಡಿಯಂತೆ ಹೊಳೆಯುವ ಪರದೆಗಿಂತ ಬೆಳಕನ್ನು ಚೆದರಿಸುವ ಮಂಕು ಮೈಯ ಪರದೆ ಇಂಥ ಸ್ಥಳಗಳಲ್ಲಿ ಕಣ್ಣಿಗೆ ತಂಪು.

ಬ್ಯಾಟರಿಯ ಲೆಕ್ಕ

'ಹತ್ತು ಗಂಟೆಗಳವರೆಗೆ' ಎಂಬ ಜಾಹೀರಾತಿನಲ್ಲಿ 'ವರೆಗೆ' ಎಂಬ ಪದವೇ ಮುಖ್ಯ. ಬ್ಯಾಟರಿಯ ನಿಜವಾದ ಅಳತೆ ಗಂಟೆಯಲ್ಲ, ವಾಟ್-ಗಂಟೆ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಇದು ದೊರೆಯುತ್ತದೆ. 11.4 ವೋಲ್ಟ್, 4.4 ಆಂಪಿಯರ್-ಗಂಟೆ ಎಂದಿದ್ದರೆ ಸುಮಾರು 50 ವಾಟ್-ಗಂಟೆ. ಇದು ಎಷ್ಟು ಶಕ್ತಿ? 1,80,000 ಜೂಲ್. ಇಷ್ಟು ಶಕ್ತಿ ಒಂದು ಲೀಟರ್ ನೀರಿನ ಉಷ್ಣತೆಯನ್ನು ಸುಮಾರು 43 ಡಿಗ್ರಿ ಸೆಲ್ಸಿಯಸ್ ಮಾತ್ರ ಏರಿಸಬಲ್ಲುದು. ಕಾಫಿಗೆ ಒಂದು ಲೀಟರ್ ನೀರು ಕುದಿಸಲೂ ಸಾಲದು! ಇಷ್ಟರಲ್ಲಿಯೇ ಒಂದು ಹಗಲಿನ ಬಹುಪಾಲು ಕೆಲಸ ನಡೆಯುವುದು ಅರ್ಧವಾಹಕ ವಿಜ್ಞಾನದ ದೊಡ್ಡ ಸಾಧನೆಯೇ ಸರಿ.

ಪತ್ರ ಬರೆಯುವಂಥ ಹಗುರವಾದ ಕೆಲಸಕ್ಕೆ ಯಂತ್ರವು 8 ವಾಟ್ ಬಳಸಿದರೆ ಈ ಬ್ಯಾಟರಿ ಆರು ಗಂಟೆಗೆ ಮೀರಿ ಬರುತ್ತದೆ. ದೃಶ್ಯಸಂಭಾಷಣೆಯಲ್ಲಿ 15 ವಾಟ್ ಬಳಸಿದರೆ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಆದುದರಿಂದ ಎರಡು ಯಂತ್ರಗಳನ್ನು ಹೋಲಿಸುವವರು ಗಂಟೆಗಳನ್ನು ನಂಬದೆ ವಾಟ್-ಗಂಟೆಯನ್ನೂ, ಪ್ರೊಸೆಸರ್ ಬಳಸುವ ವಾಟನ್ನೂ ಕೇಳಬೇಕು. ಬ್ಯಾಟರಿಗೆ ವೃದ್ಧಾಪ್ಯವೂ ಉಂಟೆಂಬುದನ್ನು ಮರೆಯಬಾರದು. 1991ರಲ್ಲಿ ಮಾರುಕಟ್ಟೆಗೆ ಬಂದ, ತನ್ನ ನಿರ್ಮಾತೃಗಳಾದ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರ ನೊಬೆಲ್ ಪಾರಿತೋಷಕವನ್ನು ತಂದ ಲಿಥಿಯಂ-ಅಯಾನ್ ಕೋಶವು ಕೆಲವು ನೂರು ಸಲ ತುಂಬಿ ಬರಿದಾದ ಮೇಲೆ ಮೊದಲಿನಷ್ಟು ಶಕ್ತಿಯನ್ನು ಹಿಡಿಯಲಾರದು. ಪೂರ್ಣ ತುಂಬಿದ ಸ್ಥಿತಿ ಮತ್ತು ಶಾಖ, ಇವೆರಡೂ ಸೇರಿದರೆ ಮುಪ್ಪು ಬೇಗ ಬರುತ್ತದೆ. ಮನೆಯಲ್ಲಿ ಸದಾ ವಿದ್ಯುತ್ತಿಗೆ ಜೋಡಿಸಿಟ್ಟು ಬಳಸುವವರು ಶೇಕಡ 80ಕ್ಕೆ ತುಂಬುವಿಕೆಯನ್ನು ನಿಲ್ಲಿಸುವ ಏರ್ಪಾಡು ಯಂತ್ರದಲ್ಲಿದ್ದರೆ ಅದನ್ನು ಉಪಯೋಗಿಸಬೇಕು.

ವಿಮಾನದಲ್ಲಿ ಹೋಗುವವರಿಗೆ ಈ ವಾಟ್-ಗಂಟೆಯ ಲೆಕ್ಕ ಇನ್ನೊಂದು ಕಾರಣದಿಂದಲೂ ಅಗತ್ಯ. 100 ವಾಟ್-ಗಂಟೆಯವರೆಗಿನ ಬ್ಯಾಟರಿಯುಳ್ಳ ಯಂತ್ರವನ್ನು ಒಯ್ಯಲು ಸಾಧಾರಣವಾಗಿ ಅಡ್ಡಿಯಿಲ್ಲ. 100ರಿಂದ 160ರವರೆಗೆ ವಿಮಾನಸಂಸ್ಥೆಯ ಒಪ್ಪಿಗೆ ಬೇಕು. ಬಿಡಿ ಬ್ಯಾಟರಿಗಳನ್ನೂ ಪವರ್ ಬ್ಯಾಂಕುಗಳನ್ನೂ ಕೈಚೀಲದಲ್ಲಿಯೇ ಇಡಬೇಕು; ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಇಡುವಂತಿಲ್ಲ. ಅಲ್ಲಿ ಕೋಶಕ್ಕೆ ಬೆಂಕಿ ಹತ್ತಿದರೆ ಕಂಡು ಆರಿಸುವವರಿಲ್ಲವಷ್ಟೆ. 20,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕು 3.7 ವೋಲ್ಟಿನ ಲೆಕ್ಕದಲ್ಲಿ 74 ವಾಟ್-ಗಂಟೆಯಾಗುತ್ತದೆ.

ವೇಗ ಮತ್ತು ಶಾಖ

ಲ್ಯಾಪ್‌ಟಾಪಿನೊಳಗೆ ಹರಿದ ವಿದ್ಯುಚ್ಛಕ್ತಿಯೆಲ್ಲ ಹೆಚ್ಚುಕಡಿಮೆ ಶಾಖವಾಗಿಯೇ ಹೊರಬರುತ್ತದೆ. ಪ್ರೊಸೆಸರ್ ಎಂಬ ಗಣಿಸುವ ಭಾಗದಲ್ಲಿ ಕೆಲಸದ ವೇಳೆ ಖರ್ಚಾಗುವ ವಾಟುಗಳು ಅದರ ಆವರ್ತಾಂಕಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತವೆ. ವೇಗವನ್ನು ಏರಿಸಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಎರಡನ್ನೂ ಶೇಕಡ 20ರಷ್ಟು ಏರಿಸಿದರೆ ಖರ್ಚು 1.2×1.2×1.2, ಅಂದರೆ ಸುಮಾರು 1.73 ಪಾಲಾಗುತ್ತದೆ. ಸ್ವಲ್ಪ ವೇಗಕ್ಕೆ ಬಹಳ ಶಾಖವನ್ನು ತೆರಬೇಕಾಗುವುದು ಹೀಗೆ. ತೆಳುವಾದ ಕವಚದಿಂದ ಇಷ್ಟು ಶಾಖ ಹೊರಹೋಗಲಾರದೆ ಯಂತ್ರವು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಚೀಟಿಯಲ್ಲಿ ಬರೆದ ಅತ್ಯುಚ್ಚ ಆವರ್ತಾಂಕವು ಕೆಲವು ಕ್ಷಣಗಳ ಓಟವೇ ಹೊರತು ದಿನವಿಡೀ ನಡೆಯುವ ನಡಿಗೆಯಲ್ಲ.

ಲೆಕ್ಕ, ಪತ್ರ, ಪಾಠಗಳಿಗೆ 15 ವಾಟಿನ ಸುಮಾರಿನ ಮಧ್ಯಮ ವರ್ಗದ ಪ್ರೊಸೆಸರ್ ಧಾರಾಳವಾಗಿ ಸಾಕು. ಕ್ರೀಡಾಚಿತ್ರಗಳಿಗಾಗಿ ಮಾಡಿದ ಯಂತ್ರಗಳು 45 ವಾಟನ್ನೂ ಮೀರಿ ಬೇಡುತ್ತವೆ. ಅವುಗಳ ಜೊತೆಗೆ ಇಟ್ಟಿಗೆಯಂಥ ಚಾರ್ಜರನ್ನೂ ಹೊರಬೇಕು. ಪ್ರೊಸೆಸರುಗಳಲ್ಲಿ ಆರ್ಮ್ ಎಂಬ ಬೇರೊಂದು ಪಂಗಡವುಂಟು. ಆಪಲ್ ಸಂಸ್ಥೆ 2020ರಿಂದ ತನ್ನ ಲ್ಯಾಪ್‌ಟಾಪುಗಳಲ್ಲಿ ಬಳಸುತ್ತಿರುವುದು ಇದೇ ಪಂಗಡದ್ದು. ಇವು ಮಿತವಾದ ಶಕ್ತಿಯಲ್ಲಿ ದುಡಿಯುತ್ತವೆ. ಆದರೆ ವಿಂಡೋಸ್ ಯಂತ್ರದಲ್ಲಿ ಇದನ್ನು ಆರಿಸುವ ಮೊದಲು ತಮ್ಮ ಲೆಕ್ಕದ ತಂತ್ರಾಂಶ, ಮುದ್ರಣಯಂತ್ರ, ಸಹಿಯ ಟೋಕನ್, ಇವು ಅದರಲ್ಲಿ ನಡೆಯುತ್ತವೆಯೇ ಎಂದು ವಿಚಾರಿಸಬೇಕು.

ಮೇಜು ಮತ್ತು ಉಗ್ರಾಣ

ರ‍್ಯಾಮ್ ಎಂಬುದು ಕೆಲಸದ ಮೇಜಿನಂತೆ, ಸಂಗ್ರಹವು ಉಗ್ರಾಣದಂತೆ. ಮೇಜು ಕಿರಿದಾದರೆ ಪದೇ ಪದೇ ಉಗ್ರಾಣಕ್ಕೆ ಓಡಬೇಕಾಗುತ್ತದೆ, ಕೆಲಸ ಕುಂಟುತ್ತದೆ. 8 ಗಿಗಾಬೈಟ್ ಇಂದಿನ ಕನಿಷ್ಠ. ನಾಲ್ಕೈದು ವರ್ಷ ಬಾಳಿಸಬೇಕೆನ್ನುವವರಿಗೆ 16 ಗಿಗಾಬೈಟ್ ಯೋಗ್ಯ. ತೆಳುವಾದ ಅನೇಕ ಯಂತ್ರಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿರುತ್ತಾರೆ. ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ದಿನವೇ ಇದನ್ನು ಕೇಳಿ ತಿಳಿಯಬೇಕು.

ಉಗ್ರಾಣದ ವಿಷಯದಲ್ಲಿ ಆಯ್ಕೆ ಸುಲಭ. ಹಳೆಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗಿದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಜಾಗ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಓದುವ ಮೊನೆ ಸರಿಯಲು ಬೇಕಾದ ವೇಳೆ ಬೇರೆ. ಚಲಿಸುವ ಭಾಗವೇ ಇಲ್ಲದ ಎಸ್.ಎಸ್.ಡಿ.ಯಲ್ಲಿ ಈ ಕಾಯುವಿಕೆ ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲಿನ ಸುಮಾರಿಗೆ ಇಳಿಯುತ್ತದೆ. ಬಸ್ಸಿನ ಕುಲುಕಾಟದಲ್ಲಿ ಕೆಡುವ ಭಯವೂ ಕಡಮೆ. 512 ಗಿಗಾಬೈಟಿನದನ್ನು ಕೊಂಡವರು ಯಂತ್ರವು 476 ಎಂದು ತೋರಿಸಿದರೆ ಮೋಸವಾಯಿತೆಂದು ತಿಳಿಯಬೇಕಾಗಿಲ್ಲ. ತಯಾರಕರು ಸಾವಿರದ ಗುಣಕಗಳಲ್ಲಿಯೂ ವಿಂಡೋಸ್ 1024ರ ಗುಣಕಗಳಲ್ಲಿಯೂ ಎಣಿಸುವುದೇ ಈ ವ್ಯತ್ಯಾಸಕ್ಕೆ ಕಾರಣ.

ಪರಸ್ಥಳದಲ್ಲಿ

ನಮ್ಮ ದೇಶದ ಮನೆಗಳಲ್ಲಿ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ಚಾರ್ಜರಿನ ಮೇಲೆ 100–240 ವೋಲ್ಟ್, 50–60 ಹರ್ಟ್ಸ್ ಎಂದು ಅಚ್ಚಾಗಿದ್ದರೆ ಎಲ್ಲೆಡೆಯೂ ನಡೆಯುತ್ತದೆ. ಪ್ಲಗ್ಗಿನ ಆಕಾರಕ್ಕೆ ಹೊಂದುವ ಅಡಾಪ್ಟರೊಂದು ಸಾಕು. ಯು.ಎಸ್.ಬಿ.-ಸಿ ಕಿಂಡಿಯಿಂದ ತುಂಬಿಕೊಳ್ಳುವ ಲ್ಯಾಪ್‌ಟಾಪಾದರೆ ಫೋನಿಗೂ ಅದಕ್ಕೂ ಒಂದೇ ಚಾರ್ಜರ್ ಸಾಕಾಗಬಹುದು. 20 ವೋಲ್ಟಿನಲ್ಲಿ 3.25 ಆಂಪಿಯರ್ ಕೊಡುವ 65 ವಾಟಿನ ಚಾರ್ಜರ್ ಹಗುರ ಯಂತ್ರಗಳಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪ್ರಯಾಣದಲ್ಲಿ ಯಂತ್ರ ಕಳೆದುಹೋದರೆ ಹಣದ ನಷ್ಟವಷ್ಟೇ ಅಲ್ಲ. ಗಿರಾಕಿಗಳ ಲೆಕ್ಕ, ಬ್ಯಾಂಕಿನ ಕಾಗದಗಳು, ಮಕ್ಕಳ ಚಿತ್ರಗಳು ಎಲ್ಲವೂ ಪರರ ಕೈ ಸೇರುತ್ತವೆ. ಪ್ರವೇಶದ ಗುಪ್ತಪದವೊಂದೇ ಇದಕ್ಕೆ ತಡೆಯಲ್ಲ. ಸಂಗ್ರಹವನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ಇಡೀ ಸಂಗ್ರಹವನ್ನು ಗೂಢಲಿಪಿಗೆ ತಿರುಗಿಸುವ ಏರ್ಪಾಡು ಯಂತ್ರದಲ್ಲಿದೆಯೇ ಎಂದು ಕೇಳಿ ಅದನ್ನು ಚಾಲನೆಗೊಳಿಸಬೇಕು. ಬಿಡಿಸುವ ಕೀಲಿಯನ್ನು ಬರೆದು ಮನೆಯಲ್ಲಿಡಬೇಕು. ಮುಖ್ಯವಾದ ಕಡತಗಳ ಪ್ರತಿಯೊಂದು ಮನೆಯಲ್ಲಿರುವ ಬೇರೊಂದು ಡಿಸ್ಕಿನಲ್ಲಿರಬೇಕು. ಮನೆಯವರೆಲ್ಲರೂ ಬಳಸುವ ಯಂತ್ರದಲ್ಲಿ ವ್ಯಾಪಾರಕ್ಕೊಂದು, ಮಕ್ಕಳಿಗೊಂದು ಖಾತೆಯನ್ನು ಬೇರೆಯಾಗಿ ತೆರೆಯುವುದು ಅಗತ್ಯ. ಅಗ್ಗವೆಂದು ಹಳೆಯ ಯಂತ್ರವನ್ನು ಕೊಳ್ಳುವವರು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯೆಂಬುದನ್ನೂ, ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳಿಗೂ ಒಗ್ಗುವುದಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು.

ಜಗಳದ ತೀರ್ಮಾನ

ಮೊದಲು ಹೇಳಿದ ಜಗಳವನ್ನು ಈಗ ತೀರಿಸಬಹುದು. ಪ್ರಯಾಣಕ್ಕೆ ತಕ್ಕ ಸಣ್ಣ ಲ್ಯಾಪ್‌ಟಾಪನ್ನೇ ಕೊಂಡು, ಮನೆಯಲ್ಲಿ ಅದಕ್ಕೆ ಜೋಡಿಸಲು 24 ಅಂಗುಲದ ಬಿಡಿ ಪರದೆಯನ್ನೂ ಒಂದು ಕೀಲಿಮಣೆಯನ್ನೂ ಇಟ್ಟುಕೊಳ್ಳುವುದು ಉತ್ತಮ ಮಾರ್ಗ. ಇದರಿಂದ ಕತ್ತಿಗೂ ಸುಖ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೈಗೆ ಸರಿಯಾದ ಎತ್ತರ ಕಣ್ಣಿಗೆ ತಗ್ಗಾಗುತ್ತದೆ. ನಮ್ಮ ಉದಾಹರಣೆಯ ಸಂಸಾರಕ್ಕೆ 14 ಅಂಗುಲದ ಪರದೆ, 1.5 ಕಿಲೋಗ್ರಾಂ ಮೀರದ ತೂಕ, 50 ವಾಟ್-ಗಂಟೆಗೆ ಕಡಮೆಯಿಲ್ಲದ ಬ್ಯಾಟರಿ, 16 ಗಿಗಾಬೈಟ್ ರ‍್ಯಾಮ್, 512 ಗಿಗಾಬೈಟಿನ ಎಸ್.ಎಸ್.ಡಿ., ಯು.ಎಸ್.ಬಿ.-ಸಿ ಚಾರ್ಜರ್, ಇಷ್ಟಿದ್ದರೆ ಯಾವ ಹೆಸರಿನ ಯಂತ್ರವಾದರೂ ಆದೀತು.

ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆಗಳು ಕೆಲವುಂಟು. ಯಂತ್ರವನ್ನು ಚಾರ್ಜರಿನೊಡನೆ ಕೈಯಲ್ಲಿ ಎತ್ತಿ ನೋಡಬೇಕು. ಒಂದು ಪುಟ ಕನ್ನಡವನ್ನು ಪರದೆಯ ಮೇಲೆ ತರಿಸಿ, ಒತ್ತಕ್ಷರಗಳು ಎಂದಿನ ದೂರದಿಂದ ಸ್ಪಷ್ಟವಾಗಿ ಕಾಣುತ್ತವೆಯೇ ಎಂದು ಓದಬೇಕು. ನಾಲ್ಕು ಸಾಲು ಬೆರಳಚ್ಚು ಮಾಡಿ ಕೀಲಿಗಳ ಹದವನ್ನು ತಿಳಿಯಬೇಕು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಪರದೆ, ಬೇರೆ ಬೇರೆ ರ‍್ಯಾಮ್ ಉಳ್ಳ ಯಂತ್ರಗಳು ಮಾರಾಟವಾಗುವುದರಿಂದ ಮಾದರಿಯ ಪೂರ್ಣ ಸಂಖ್ಯೆಯನ್ನು ಬರೆದುಕೊಂಡು ಬಿಲ್ಲಿನೊಡನೆ ಹೋಲಿಸಬೇಕು. ಹೊರದೇಶಕ್ಕೆ ಹೋಗುವವರು ಖಾತರಿಯು ಅಲ್ಲಿಯೂ ಸಲ್ಲುವುದೇ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಬೇಕು. ಇಷ್ಟನ್ನು ಮಾಡಲು ಅರ್ಧ ಗಂಟೆ ಸಾಕು. ನಾಲ್ಕೈದು ವರ್ಷ ದಿನವೂ ಕೈಗೆ ತಗುಲುವ ಉಪಕರಣಕ್ಕಾಗಿ ಅಷ್ಟು ಹೊತ್ತು ವ್ಯಯಿಸುವುದು ಹೆಚ್ಚೇನೂ ಅಲ್ಲ.