ತಗ್ಗಿಸಿದ ಪಿಕಪ್‌ನಲ್ಲಿ ಟೈರ್ ಯಾಕೆ ಉಜ್ಜುತ್ತದೆ, ಹೇಗೆ ಬಿಡಿಸುವುದು?

ಅಮೆರಿಕದಲ್ಲಿ ಹಳೆಯ ಪಿಕಪ್‌ಗಳನ್ನು ತಗ್ಗಿಸಿ ಓಡಿಸುವ ಹವ್ಯಾಸಿಗಳಿಗೆ 1967ರಿಂದ 1972ರವರೆಗೆ ಬಂದ ಷೆವ್ರೊಲೆ ಸಿ-10 ಎಂದರೆ ವಿಶೇಷ ಪ್ರೀತಿ. ಅರ್ಧ ಟನ್ನಿನ ಗಾಡಿ, ಎಂಜಿನ್ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಹೊಲದ ಕೆಲಸಕ್ಕೆ, ಇಟ್ಟಿಗೆ ಮರಳು ಸಾಗಿಸಲು ಮಾಡಿದ್ದರಿಂದ ಕಾರ್ಖಾನೆಯಿಂದ ಬರುವಾಗ ಎತ್ತರದಲ್ಲೇ ನಿಂತಿರುತ್ತಿತ್ತು. ಇಂದು ಇದನ್ನು ಮುಂದೆ ನಾಲ್ಕು ಇಂಚು, ಹಿಂದೆ ಆರು ಇಂಚು ಇಳಿಸುವುದು ಮಾಮೂಲು. ಇಳಿಸಿದ ಗಾಡಿ ನೋಡಲು ಚೆಂದ, ತಿರುವಿನಲ್ಲಿ ವಾಲಾಟವೂ ಕಡಿಮೆ. ಆದರೆ ಮನೆಯಿಂದ ಹೊರಟು ಮೊದಲ ಹಂಪು ದಾಟುವಷ್ಟರಲ್ಲಿ ಟೈರ್ ಎಲ್ಲೋ ಗರ್ರನೆ ಉಜ್ಜುತ್ತದೆ. ಹೆಚ್ಚಿನವರು ಆಗ ಮಾಡುವ ಮೊದಲ ಕೆಲಸ ಗ್ರೈಂಡರ್ ತಂದು ಮಡ್‌ಗಾರ್ಡಿನ ಅಂಚು ಕತ್ತರಿಸುವುದು. ನನ್ನ ಪ್ರಕಾರ ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಅರ್ಧ ಶತಮಾನ ದಾಟಿದ ಮೂಲ ತಗಡು ಒಮ್ಮೆ ಹೋದರೆ ಹೋಯಿತು. ಕತ್ತರಿಸಿದ ಮೇಲೂ ಎಷ್ಟೋ ಸಲ ಉಜ್ಜಾಟ ನಿಲ್ಲುವುದಿಲ್ಲ, ಯಾಕೆಂದರೆ ಕಾರಣ ಬೇರೆಲ್ಲೋ ಇರುತ್ತದೆ.

ಆ ಕಾರಣ ತಿಳಿಯಬೇಕಾದರೆ ಗಾಡಿಯನ್ನು ಯಾವ ರೀತಿ ಇಳಿಸಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಮುಂದಿನ ಭಾಗವನ್ನು ತಗ್ಗಿಸಲು ಮುಖ್ಯವಾಗಿ ಎರಡು ದಾರಿ. ಒಂದು, ಗಿಡ್ಡ ಸ್ಪ್ರಿಂಗ್ ಹಾಕುವುದು. ಇನ್ನೊಂದು, ಚಕ್ರ ಕೂರುವ ಸ್ಪಿಂಡಲನ್ನೇ ಬದಲಿಸಿ, ಅದರ ದಂಡ ಎರಡೂವರೆ ಇಂಚಿನಷ್ಟು ಮೇಲೆ ಇರುವಂಥದ್ದನ್ನು ಹಾಕುವುದು. ಎರಡರಲ್ಲೂ ಗಾಡಿ ಇಳಿಯುತ್ತದೆ, ಆದರೆ ಟೈರಿನ ಪಾಲಿಗೆ ಎರಡೂ ಒಂದೇ ಅಲ್ಲ. ಗಿಡ್ಡ ಸ್ಪ್ರಿಂಗ್ ಹಾಕಿದಾಗ ಚಕ್ರ ಮೇಲೇರಬಹುದಾದ ಗರಿಷ್ಠ ಎತ್ತರ ಬದಲಾಗುವುದಿಲ್ಲ. ಅದನ್ನು ತಡೆಯುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ಗಟ್ಟಿ, ಅದು ಇದ್ದಲ್ಲೇ ಇದೆ. ಹಿಂದೆ ಅಪರೂಪಕ್ಕೆ ತಲುಪುತ್ತಿದ್ದ ಆ ಜಾಗವನ್ನು ಈಗ ಚಕ್ರ ಪದೇ ಪದೇ ತಲುಪುತ್ತದೆ, ಅಷ್ಟೇ. ಸ್ಪಿಂಡಲ್ ಬದಲಿಸಿದಾಗ ಹಾಗಲ್ಲ. ಸ್ಪ್ರಿಂಗಿನ ಓಡಾಟ ಮೊದಲಿನಷ್ಟೇ ಉಳಿಯುತ್ತದೆ, ಆದ್ದರಿಂದ ಸವಾರಿ ಹಿತವಾಗಿರುತ್ತದೆ. ಆದರೆ ಪೂರ್ತಿ ಕುಗ್ಗಿದಾಗ ಚಕ್ರ ಕಾರ್ಖಾನೆಯವರು ಎಣಿಸಿದ್ದಕ್ಕಿಂತ ಎರಡೂವರೆ ಇಂಚು ಹೆಚ್ಚು ಒಳಗೆ ನುಗ್ಗುತ್ತದೆ. ಅಲ್ಲಿ ಅದಕ್ಕೆಂದು ಯಾರೂ ಜಾಗ ಬಿಟ್ಟಿರಲಿಲ್ಲ. ಹಾಗಾಗಿ ಸ್ಪಿಂಡಲ್ ಬದಲಿಸಿದ ಗಾಡಿಯಲ್ಲಿ ಟೈರಿನ ನೆತ್ತಿ ಒಳ ಮಡ್‌ಗಾರ್ಡಿಗೆ ಬಡಿಯುವುದು ಸಹಜ. ಬರೀ ಸ್ಪ್ರಿಂಗ್ ಬದಲಿಸಿದ ಗಾಡಿಯಲ್ಲೂ ನೆತ್ತಿ ಬಡಿಯುತ್ತಿದ್ದರೆ ಬಂಪ್ ಸ್ಟಾಪ್ ಕಿತ್ತುಹೋಗಿದೆ, ಇಲ್ಲವೇ ಟೈರ್ ಮೂಲದ್ದಕ್ಕಿಂತ ದೊಡ್ಡದಿದೆ ಎಂದು ಅನುಮಾನಿಸಬೇಕು.

ಇನ್ನು ಪತ್ತೆ ಕೆಲಸ. ಸದ್ದು ಕೇಳಿ ಜಾಗ ಊಹಿಸಲು ಹೋಗಬೇಡಿ, ತಗಡು ಸದ್ದನ್ನು ಬೇರೆಡೆಗೆ ಒಯ್ಯುತ್ತದೆ. ಟೈರಿನ ಎರಡೂ ಭುಜಗಳ ಮೇಲೆ, ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ದಪ್ಪಗೆ ಗೀಚಿ. ಒಳ ಮಡ್‌ಗಾರ್ಡಿಗೆ, ಚಾಸಿಗೆ ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಅಂಟಿಸಿ. ನಿಂತಲ್ಲೇ ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿ. ಆಮೇಲೆ ನಿಧಾನವಾಗಿ ಒಂದು ಸುತ್ತು ಓಡಿಸಿ, ಹಂಪಿನ ಮೇಲೆ ಓರೆಯಾಗಿ ಹತ್ತಿಸಿ, ಕೊನೆಗೆ ಹಿಂದಿನ ಡಬ್ಬಿಯಲ್ಲಿ ಮರಳು ಮೂಟೆ ಹಾಕಿಕೊಂಡು ಇನ್ನೊಂದು ಸುತ್ತು. ಪ್ರತಿ ಹಂತದಲ್ಲೂ ಇಳಿದು ಎಲ್ಲಿ ಸುಣ್ಣ ಅಳಿಸಿದೆ, ಎಲ್ಲಿ ಜೇಡಿ ಚಪ್ಪಟೆಯಾಗಿದೆ ಎಂದು ಬರೆದಿಟ್ಟುಕೊಳ್ಳಿ. ತಿರುಗಿಸಿದಾಗ ಮಾತ್ರ ಉಜ್ಜುವುದು, ಹಂಪಿನಲ್ಲಿ ಮಾತ್ರ ಉಜ್ಜುವುದು, ಭಾರ ಹಾಕಿದಾಗ ಮಾತ್ರ ಉಜ್ಜುವುದು, ಒಂದೇ ಕಡೆ ಉಜ್ಜುವುದು: ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಒಂದೇ ಕಡೆ ಉಜ್ಜುವುದರಿಂದ ಶುರು ಮಾಡೋಣ, ಏಕೆಂದರೆ ಇದರಲ್ಲೇ ಜನ ಹೆಚ್ಚು ಮೋಸ ಹೋಗುವುದು. ಸಿ-10ರ ಹಿಂಭಾಗದಲ್ಲಿ ಸಾಮಾನ್ಯವಾಗಿ ಇರುವುದು ಪಟ್ಟಿ ಸ್ಪ್ರಿಂಗ್ ಅಲ್ಲ, ಕಾಯಿಲ್ ಸ್ಪ್ರಿಂಗ್. ಆಕ್ಸಲನ್ನು ಎರಡು ಉದ್ದನೆಯ ತೋಳುಗಳು ಹಿಡಿದಿರುತ್ತವೆ. ಅಮೆರಿಕದ ನ್ಯಾಸ್ಕಾರ್ ರೇಸಿನ ಕಾರುಗಳು ಬಹಳ ಕಾಲ ಬಳಸಿದ್ದು ಈ ಪಿಕಪ್‌ಗಳಿಂದ ಬಂದ ತೋಳುಗಳ ವಿನ್ಯಾಸವನ್ನೇ. ಈ ಏರ್ಪಾಟಿನಲ್ಲಿ ಆಕ್ಸಲ್ ಎಡಕ್ಕೋ ಬಲಕ್ಕೋ ಜಾರದಂತೆ ತಡೆಯಲು ಟ್ರ್ಯಾಕ್ ಬಾರ್ ಎಂಬ ಒಂದು ಅಡ್ಡ ಸರಳಿದೆ. ಅದರ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲಿಗೆ. ಗೂಟಕ್ಕೆ ಕಟ್ಟಿದ ಕರು ಹಗ್ಗದುದ್ದದ ಸುತ್ತಿನಲ್ಲೇ ತಿರುಗುವಂತೆ ಈ ಸರಳಿನ ತುದಿಯೂ ವೃತ್ತದಲ್ಲಿ ಚಲಿಸುತ್ತದೆ. ಆದ್ದರಿಂದ ಗಾಡಿ ಇಳಿದಾಗ ಆಕ್ಸಲ್ ನೇರ ಮೇಲೆ ಹೋಗದೆ ಪಕ್ಕಕ್ಕೂ ಸರಿಯುತ್ತದೆ. ಸರಳು 30 ಇಂಚು ಉದ್ದ ಎಂದಿಟ್ಟುಕೊಳ್ಳಿ. ಅದು ನೆಲಕ್ಕೆ ಸಮನಾಗಿರುವ ಸ್ಥಿತಿಯಿಂದ ಒಂದು ತುದಿ 4 ಇಂಚು ಮೇಲೇರಿದರೆ ಆಕ್ಸಲ್ ಕಾಲು ಇಂಚಿಗಿಂತ ತುಸು ಹೆಚ್ಚು ಸರಿಯುತ್ತದೆ. 6 ಇಂಚು ಏರಿದರೆ ಸರಿತ 0.6 ಇಂಚು, ಅಂದರೆ 15 ಮಿ.ಮೀ. ಒಂದು ಬದಿ 15 ಮಿ.ಮೀ. ಹತ್ತಿರ ಬಂದರೆ ಇನ್ನೊಂದು ಬದಿ ಅಷ್ಟೇ ದೂರ ಹೋಗುತ್ತದೆ, ಎರಡರ ನಡುವಿನ ವ್ಯತ್ಯಾಸ 30 ಮಿ.ಮೀ.

ಇದನ್ನು ಅಳೆಯುವುದು ಸುಲಭ. ಎರಡೂ ಕಡೆ ಮಡ್‌ಗಾರ್ಡಿನ ಅಂಚಿನಿಂದ ತೂಗುಗುಂಡು ಇಳಿಬಿಟ್ಟು, ದಾರದಿಂದ ರಿಮ್ಮಿನ ಅಂಚಿಗೆ ಇರುವ ಅಂತರ ನೋಡಿ. ಡಬ್ಬಿಯೇ ಚಾಸಿಯ ಮೇಲೆ ಸೊಟ್ಟಗೆ ಕೂತಿರಬಹುದು, ಆದ್ದರಿಂದ ಚಾಸಿಯಿಂದಲೂ ಒಮ್ಮೆ ಅಳೆಯಿರಿ. ಆಕ್ಸಲೇ ಸರಿದಿದ್ದರೆ ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಹಾಕಿ ಅದನ್ನು ನಡುವಿಗೆ ತಂದರಾಯಿತು. ಅದಕ್ಕಿಂತ ಒಳ್ಳೆಯದು, ಸರಳಿನ ತುದಿಯನ್ನು ಹಿಡಿಯುವ ಬ್ರಾಕೆಟ್ಟನ್ನೂ ಬದಲಿಸಿ ಸರಳು ಮತ್ತೆ ನೆಲಕ್ಕೆ ಸಮನಾಗಿ ನಿಲ್ಲುವಂತೆ ಮಾಡುವುದು. ಹಾಗೆ ನಿಂತರೆ ಹಂಪಿನಲ್ಲಿ ಆಕ್ಸಲ್ ಪಕ್ಕಕ್ಕೆ ಓಡಾಡುವುದೂ ಕಡಿಮೆಯಾಗುತ್ತದೆ. ಈ ಒಂದು ಸರಳಿನಿಂದ ಹೋಗುವ ತೊಂದರೆಗೆ ಜನ ಡಬ್ಬಿಯೊಳಗಿನ ಚಕ್ರಗೂಡನ್ನೇ ಕತ್ತರಿಸಿಬಿಡುತ್ತಾರೆ.

ಮುಂದಿನ ತಗಡಿಗೂ ಇಂಥದ್ದೇ ಒಂದು ಪರೀಕ್ಷೆ ಬೇಕು. ರೇಡಿಯೇಟರ್ ಹಿಡಿದಿರುವ ಚೌಕಟ್ಟು ಚಾಸಿಯ ಮೇಲೆ ರಬ್ಬರ್ ಬುಷ್ಷುಗಳ ಮೇಲೆ ಕೂತಿರುತ್ತದೆ, ಮಡ್‌ಗಾರ್ಡುಗಳ ಮುಂತುದಿ ಅದಕ್ಕೆ ಬಿಗಿದಿರುತ್ತದೆ. ಐವತ್ತು ವರ್ಷದ ರಬ್ಬರ್ ಚಪ್ಪಟೆಯಾಗಿ, ಮಡ್‌ಗಾರ್ಡೇ ಕೆಳಗೆ ಕುಸಿದಿರುತ್ತದೆ. ಹೊಸ ಬುಷ್ ಹಾಕಿದರೆ ತಗಡು ತನ್ನ ಜಾಗಕ್ಕೆ ಏರುತ್ತದೆ. ಮುಂಚಕ್ರವನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮಿನ ಬುಷ್ಷುಗಳು ಸವೆದಿದ್ದರೂ ಚಕ್ರ ಬ್ರೇಕ್ ಹಾಕಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಸರಿದಾಡುತ್ತದೆ. ಇವನ್ನೆಲ್ಲ ಸರಿಮಾಡದೆ ಅಳತೆ ಹಿಡಿದರೆ ಅಳತೆಯೇ ಸುಳ್ಳು.

ಆಮೇಲೆ ವೀಲ್ ಅಲೈನ್‌ಮೆಂಟ್. ಹೊಸ ಸ್ಪ್ರಿಂಗ್ ಕೂರಲು ಕೆಲವು ನೂರು ಕಿ.ಮೀ. ಓಡಿಸಿ, ನಂತರ ಮಾಡಿಸಿ. ಗಿಡ್ಡ ಸ್ಪ್ರಿಂಗಿನಿಂದ ಇಳಿಸಿದ ಗಾಡಿಯಲ್ಲಿ ಸಾಮಾನ್ಯವಾಗಿ ಚಕ್ರದ ತಲೆ ಒಳಕ್ಕೆ ವಾಲಿರುತ್ತದೆ, ಟೈರಿನ ಒಳಭುಜ ಬೇಗ ಸವೆಯುತ್ತದೆ. ಸಿ-10ರಲ್ಲಿ ಮೇಲಿನ ಕಂಟ್ರೋಲ್ ಆರ್ಮಿನ ಬೋಲ್ಟುಗಳಿಗೆ ತೆಳು ಷಿಮ್ ಪಟ್ಟಿಗಳನ್ನು ಹಾಕಿ ಅಥವಾ ತೆಗೆದು ಇದನ್ನು ಹೊಂದಿಸುತ್ತಾರೆ. ಮುಂದಿನ ಬೋಲ್ಟಿಗೂ ಹಿಂದಿನ ಬೋಲ್ಟಿಗೂ ಷಿಮ್ಮಿನ ದಪ್ಪ ಬೇರೆ ಮಾಡಿದರೆ ಚಕ್ರ ಒಂದಿಷ್ಟು ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಟೈರ್ ಮಡ್‌ಗಾರ್ಡಿನ ಮುಂಬದಿಗೆ ಮಾತ್ರ ಅಥವಾ ಹಿಂಬದಿಗೆ ಮಾತ್ರ ತಗಲುತ್ತಿದ್ದರೆ ಅಲೈನ್‌ಮೆಂಟ್ ಮಾಡುವವರಿಗೆ ಅದನ್ನು ಹೇಳಿ.

ಇಷ್ಟಾದರೂ ಉಜ್ಜಾಟ ಉಳಿದರೆ ಆಗ ರಿಮ್ ಮತ್ತು ಟೈರಿನ ಲೆಕ್ಕಕ್ಕೆ ಬರಬೇಕು. ರಿಮ್ಮನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಬೆನ್ನಿನ ಮೇಲೆ ನೇರ ಪಟ್ಟಿ ಅಡ್ಡ ಇಟ್ಟು, ಅಲ್ಲಿಂದ ಹಬ್ಬಿಗೆ ತಾಗುವ ಮುಖದವರೆಗೆ ಅಳೆದರೆ ಸಿಗುವುದು ಬ್ಯಾಕ್‌ಸ್ಪೇಸ್. 8 ಇಂಚಿನ ರಿಮ್ ಎಂದರೆ ಅದು ಟೈರ್ ಕೂರುವ ಜಾಗದ ಅಗಲ. ಅಂಚಿನಿಂದ ಅಂಚಿಗೆ ಅಳೆದರೆ ಹೆಚ್ಚುಕಡಿಮೆ 9 ಇಂಚು ಬರುತ್ತದೆ. ಅದರ ಬ್ಯಾಕ್‌ಸ್ಪೇಸ್ 4 ಇಂಚಾದರೆ ಹಬ್ಬಿನಿಂದ ಹೊರಗೆ 5 ಇಂಚು ಚಾಚಿರುತ್ತದೆ. ಇದರ ಬದಲು 9 ಇಂಚಿನ ರಿಮ್ ಹಾಕಬೇಕು, ಹೊರಗೆ ಒಂದು ಕೂದಲೂ ಹೆಚ್ಚು ಚಾಚಬಾರದು ಎಂದರೆ ಬ್ಯಾಕ್‌ಸ್ಪೇಸ್ 5 ಇಂಚು ಇರಬೇಕು. ಆಗ ಹೆಚ್ಚಿದ ಒಂದಿಂಚು ಪೂರ್ತಿ ಒಳಗೆ ಹೋಗುತ್ತದೆ. ಅಷ್ಟು ಜಾಗ ಚಾಸಿ ಮತ್ತು ಸ್ಟೇರಿಂಗ್ ರಾಡಿನ ಕಡೆ ಇದೆಯೇ ಎಂದು ನೋಡಿಯೇ ರಿಮ್ ಕೊಳ್ಳಿ. ನಿಂತಾಗ ಅರ್ಧ ಇಂಚಿಗಿಂತ ಕಡಿಮೆ ಅಂತರವನ್ನು ನಾನು ಒಪ್ಪುವುದಿಲ್ಲ. ತಿರುವಿನಲ್ಲಿ ಟೈರ್ ಉಬ್ಬುತ್ತದೆ, ಬುಷ್ ಬಾಗುತ್ತದೆ.

ಮುಂಚಕ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಕ್ರ ತಿರುಗುವುದು ಕಂಟ್ರೋಲ್ ಆರ್ಮುಗಳ ತುದಿಯಲ್ಲಿರುವ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟುಗಳನ್ನು ಸೇರಿಸುವ ಗೆರೆಯ ಸುತ್ತ. ಆ ಗೆರೆಯಿಂದ ಟೈರ್ ಹೊರಗೆ ಹೋದಷ್ಟೂ ತಿರುಗಿಸುವಾಗ ಅದರ ಮೂಲೆಗಳು ದೊಡ್ಡ ಕಮಾನಿನಲ್ಲಿ ಬೀಸುತ್ತವೆ, ಮಡ್‌ಗಾರ್ಡಿನ ಮುಂದಿನ ಮತ್ತು ಹಿಂದಿನ ಅಂಚುಗಳಿಗೆ ತಗಲುತ್ತವೆ. ಹೊರಗೆ ಚಾಚಿದ ಅಗಲ ರಿಮ್ ನೇರ ನಿಂತಾಗ ಚೆನ್ನಾಗಿ ಕೂತಂತೆ ಕಂಡರೂ ಪಾರ್ಕಿಂಗ್‌ನಲ್ಲಿ ಉಜ್ಜುವುದು ಇದಕ್ಕೇ. 1970ರವರೆಗಿನ ಸಿ-10ಗಳಿಗೆ ಆರು ಬೋಲ್ಟಿನ ಚಕ್ರ, ಮುಂದೆ ಡ್ರಮ್ ಬ್ರೇಕ್. 1971ರಲ್ಲಿ ಐದು ಬೋಲ್ಟಿನ ಚಕ್ರವೂ ಮುಂದೆ ಡಿಸ್ಕ್ ಬ್ರೇಕೂ ಬಂದವು. ಹಳೆಯ ಗಾಡಿಗೆ ಡಿಸ್ಕ್ ಬ್ರೇಕ್ ಕೂರಿಸುವ ಕೆಲವು ಕಿಟ್‌ಗಳು ಚಕ್ರವನ್ನು ಹೊರಗೆ ತಳ್ಳುತ್ತವೆ. ಬ್ರೇಕ್ ಬದಲಿಸಿದ ಮೇಲೆ ಶುರುವಾದ ಉಜ್ಜಾಟಕ್ಕೆ ತಗ್ಗಿಸಿದ್ದನ್ನು ದೂರಬೇಡಿ, ಹೆಚ್ಚು ಬ್ಯಾಕ್‌ಸ್ಪೇಸಿನ ರಿಮ್ ಹುಡುಕಿ.

ಒಳಗಡೆ ಉಜ್ಜುತ್ತಿದ್ದರೆ ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಹಾಕಿ ಹೊರಗೆ ತಳ್ಳುವ ಸುಲಭ ದಾರಿ ಇದೆ, ಆದರೆ ಅದು ಮೇಲೆ ಹೇಳಿದ ಬೀಸನ್ನು ಹೆಚ್ಚಿಸುತ್ತದೆ. ಹಾಕಲೇಬೇಕಾದರೆ ಹಬ್ಬಿನ ಮೇಲೆ ಬಿಗಿಯಾಗಿ ಕೂರುವಂಥದ್ದನ್ನೇ ಹಾಕಿ. ಬೋಲ್ಟು ನಟ್ಟಿನೊಳಗೆ ತನ್ನ ದಪ್ಪದಷ್ಟಾದರೂ ಆಳಕ್ಕೆ ಹಿಡಿಯಬೇಕು. ಸ್ಟೇರಿಂಗ್ ತಿರುಗುವ ಮಿತಿಯನ್ನು ಕಡಿಮೆ ಮಾಡಿಯೂ ಒಳ ಉಜ್ಜಾಟ ನಿಲ್ಲಿಸಬಹುದು, ಗಾಡಿ ತಿರುಗಲು ಹೆಚ್ಚು ಜಾಗ ಬೇಕಾಗುತ್ತದೆ ಅಷ್ಟೇ.

ಟೈರಿನ ಎತ್ತರ ಅದರ ಮೇಲೆ ಬರೆದ ಅಂಕಿಗಳಲ್ಲೇ ಇದೆ. 255/70 ಆರ್ 15 ಎಂದರೆ ಅಗಲ 255 ಮಿ.ಮೀ., ಪಕ್ಕದ ಗೋಡೆ ಅದರ ಶೇ. 70, ಅಂದರೆ 178.5 ಮಿ.ಮೀ. ಎರಡು ಗೋಡೆ ಸೇರಿ 357, 15 ಇಂಚಿನ ರಿಮ್ 381, ಒಟ್ಟು 738 ಮಿ.ಮೀ. ಇದರ ಬದಲು 235/60 ಆರ್ 15 ಹಾಕಿದರೆ ಒಟ್ಟು ಎತ್ತರ 663 ಮಿ.ಮೀ. 75 ಮಿ.ಮೀ. ಕಡಿಮೆಯಾಯಿತಲ್ಲ ಎಂದು ಅಷ್ಟೂ ಜಾಗ ಸಿಕ್ಕಿತೆಂದುಕೊಳ್ಳಬೇಡಿ. ಟೈರಿನ ಅರೆ ಕುಗ್ಗಿದಷ್ಟು ಗಾಡಿಯೂ ಇಳಿಯುತ್ತದೆ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಹೆಚ್ಚುವುದು 37.5 ಮಿ.ಮೀ. ಅಗಲವೂ 20 ಮಿ.ಮೀ. ಕಡಿಮೆಯಾಗುವುದರಿಂದ ಒಳಗೆ ಹೊರಗೆ ಒಂದೊಂದು ಬದಿಯಲ್ಲಿ ಸುಮಾರು 10 ಮಿ.ಮೀ. ಸಿಗುತ್ತದೆ. ಸ್ಪೀಡೋಮೀಟರ್ ಮಾತ್ರ ನಿಜವಾದ ವೇಗಕ್ಕಿಂತ ಹೆಚ್ಚು ತೋರಿಸತೊಡಗುತ್ತದೆ. ಹೊಸ ಟೈರ್ ಹೊರುವ ಭಾರದ ಅಂಕಿಯನ್ನೂ ನೋಡಿ, ಇದು ಪಿಕಪ್.

ಭಾರ ಹಾಕಿದಾಗ ಮಾತ್ರ ಹಿಂದೆ ಉಜ್ಜುತ್ತಿದ್ದರೆ ತಪ್ಪು ಟೈರಿನದಲ್ಲ. ಸ್ಪ್ರಿಂಗ್ ಮೆತ್ತಗಿದೆ, ಅಥವಾ ಬಂಪ್ ಸ್ಟಾಪ್ ಇಲ್ಲ. ಆರು ಇಂಚು ಇಳಿಸಿದಾಗ ಆಕ್ಸಲ್ ಚಾಸಿಗೆ ಬಡಿಯುತ್ತದೆಂದು ಚಾಸಿಯಲ್ಲಿ ಅರ್ಧಚಂದ್ರದಂತೆ ಕತ್ತರಿಸಿ, ಗಟ್ಟಿ ಉಕ್ಕಿನ ತುಂಡು ಕೂರಿಸುತ್ತಾರೆ. ಆಗ ಆಕ್ಸಲಿಗೆ ಜಾಗ ಸಿಗುತ್ತದೆ, ಟೈರಿಗೆ ಸಿಗುವುದಿಲ್ಲ. ಟೈರ್ ತಗಡನ್ನು ಮುಟ್ಟುವ ಮೊದಲೇ ತಡೆಯುವಷ್ಟು ಎತ್ತರದ ಹೊಸ ಬಂಪ್ ಸ್ಟಾಪ್ ಹಾಕಲೇಬೇಕು. ಶಾಕ್ ಅಬ್ಸಾರ್ಬರುಗಳೂ ಗಿಡ್ಡವಾಗಬೇಕು, ಇಲ್ಲವಾದರೆ ಬಂಪ್ ಸ್ಟಾಪಿನ ಏಟನ್ನು ಅವೇ ತಿಂದು ಹಾಳಾಗುತ್ತವೆ.

ಎಲ್ಲ ಮುಗಿದ ಮೇಲೂ ಹೊರ ಅಂಚು ತಾಗಿದರೆ ಆಗ ತಗಡಿನ ಕೆಲಸ. ಮೊದಲು ಅಂಚಿನಲ್ಲಿ ಒಳಕ್ಕೆ ಚಾಚಿದ ಬೋಲ್ಟುಗಳಿವೆಯೇ ನೋಡಿ. ಎಷ್ಟೋ ಸಲ ಟೈರ್ ಕೊರೆಯುವುದು ಅವೇ, ತಲೆ ಒಳಗಿರುವಂತೆ ತಿರುಗಿಸಿ ಹಾಕಿದರೆ ಸಾಕು. ಅಂಚನ್ನು ಮಡಚಬೇಕಾದರೆ ಹಬ್ಬಿಗೆ ಬಿಗಿಯುವ ರೋಲರ್ ಬಳಸಿ, ಹೀಟ್ ಗನ್‌ನಿಂದ ಬಣ್ಣ ಬೆಚ್ಚಗೆ ಮಾಡುತ್ತಾ, ಸ್ವಲ್ಪ ಸ್ವಲ್ಪವೇ ಮಡಚಬೇಕು. ಒಳಗೆ ಪುಟ್ಟಿ ತುಂಬಿದ ಮಡ್‌ಗಾರ್ಡ್ ಬಿರುಕು ಬಿಡುವುದು ಖಂಡಿತ. ಆಯಸ್ಕಾಂತ ಹಿಡಿದು ನೋಡಿ, ಅದು ಹಿಡಿಯದ ಕಡೆ ಪುಟ್ಟಿ ಇದೆ ಎಂದರ್ಥ. ನೆತ್ತಿ ಬಡಿಯುವ ತೊಂದರೆಗೆ ಹೊರ ಮಡ್‌ಗಾರ್ಡನ್ನು ಮುಟ್ಟದೆ ಒಳಗಿನದನ್ನಷ್ಟೇ ಬದಲಿಸಬಹುದು. ಮೂಲದ್ದನ್ನು ಬಿಚ್ಚಿ ಜೋಪಾನವಾಗಿ ಎತ್ತಿಡಿ.

ಸ್ಪ್ರಿಂಗ್ ಬಿಚ್ಚುವಾಗ ಎಚ್ಚರ. ಒತ್ತಿ ಕೂರಿಸಿದ ಕಾಯಿಲ್ ಜಾರಿ ಹಾರಿದರೆ ಪ್ರಾಣಕ್ಕೇ ಅಪಾಯ. ಬರೀ ಜಾಕಿಯ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ.

ಕಾನೂನೂ ಗೊತ್ತಿರಲಿ. ಗಾಡಿಯ ಯಾವ ಭಾಗವೂ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇರಬಾರದೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 1958ರಿಂದ ಇತ್ತು, 2024ರ ಜನವರಿ 1ರಿಂದ ಅದನ್ನು ತೆಗೆದರು. ಉಳಿದ ರಾಜ್ಯಗಳಲ್ಲಿರುವ ಕನ್ನಡಿಗರು ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ.

ಇಷ್ಟು ದಿನ ಉಜ್ಜಿಸಿಕೊಂಡ ಟೈರನ್ನು ಕೊನೆಗೊಮ್ಮೆ ಬಿಚ್ಚಿ ಒಳ ಹೊರ ಎರಡೂ ಗೋಡೆ ನೋಡಿ. ಮೇಲ್ಪದರ ತರಚಿದ್ದರೆ ಕಣ್ಣಿಟ್ಟಿರಿ. ಗೋಡೆಯಲ್ಲಿ ದಾರದ ಎಳೆ ಕಂಡರೆ, ಉಬ್ಬು ಬಂದಿದ್ದರೆ ಆ ಟೈರಿಗೆ ಪಂಕ್ಚರ್ ಹಾಕುವಂತಿಲ್ಲ, ತೇಪೆ ನಿಲ್ಲುವುದಿಲ್ಲ. ಹೊಸದು ಹಾಕಿಸದೆ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ.