ರಕ್ಷಣಾ ಆಟಗಾರನ ವೃತ್ತಿ: ಗಡಿಯ ಮಕ್ಕಳಿಗೆ ದಾರಿ ಎಲ್ಲಿದೆ?

ಹಿಂದೂಪುರ, ಕಲ್ಯಾಣದುರ್ಗ ಭಾಗದ ಕನ್ನಡ ಮಾಧ್ಯಮ ಶಾಲೆಯ ಬಾಲಕನೊಬ್ಬ ಫುಟ್ಬಾಲನ್ನೇ ವೃತ್ತಿಯಾಗಿಸಿಕೊಳ್ಳುವೆನೆಂದರೆ, ತಂದೆ ತಾಯಿಗಳಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಇದರಿಂದ ಬದುಕು ನಡೆದೀತೇ? ನಮ್ಮ ನೆರೆಯ ಬೆಂಗಳೂರಿನಲ್ಲೇ ಬೆಳೆದುಬಂದ ಯುವ ರಕ್ಷಣಾ ಆಟಗಾರರೊಬ್ಬರ ವೃತ್ತಿಯನ್ನು ಗಮನಿಸಿದರೆ, ಈ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಾಗುತ್ತದೆ.

ಹನ್ನೊಂದು ಮಂದಿಯ ತಂಡದಲ್ಲಿ ಸಾಮಾನ್ಯವಾಗಿ ನಾಲ್ವರು ಗೋಲ್ ಕೀಪರನ ಮುಂದೆ ಸಾಲಾಗಿ ನಿಲ್ಲುತ್ತಾರೆ. ನಡುವಿನ ಇಬ್ಬರು ಸೆಂಟರ್ ಬ್ಯಾಕ್‌ಗಳು. ಎಡಬಲದ ಅಂಚಿನವರು ಫುಲ್ ಬ್ಯಾಕ್‌ಗಳು. ಎದುರಾಳಿಯಿಂದ ಚೆಂಡು ಕಸಿಯುವುದಷ್ಟೇ ಇವರ ಕೆಲಸವಲ್ಲ. ನಾಲ್ವರೂ ಒಂದೇ ಸಾಲಿನಲ್ಲಿ ಮುಂದೆ ಸರಿದರೆ ಎದುರಾಳಿ ಆಫ್‌ಸೈಡ್ ಆಗುತ್ತಾನೆ. ಒಬ್ಬ ಹಿಂದುಳಿದರೂ ಗೋಲಿಗೆ ದಾರಿ ತೆರೆಯುತ್ತದೆ. ಆದುದರಿಂದ ವೇಗದಷ್ಟೇ ಮುಖ್ಯವಾದುವು ಏಕಾಗ್ರತೆ, ಸ್ಥಾನಜ್ಞಾನ ಮತ್ತು ಜೊತೆಗಾರರನ್ನು ಕೂಗಿ ಎಚ್ಚರಿಸುವ ಅಭ್ಯಾಸ. ಇವು ಹುಟ್ಟಿನಿಂದ ಬರುವ ಗುಣಗಳಲ್ಲ, ವರ್ಷಗಟ್ಟಲೆ ಕಲಿತು ರೂಢಿಸಿಕೊಳ್ಳಬೇಕಾದುವು.

ಮಣಿಪುರದ ನವೋರೆಮ್ ರೋಶನ್ ಸಿಂಗ್ ಅವರು ಇದಕ್ಕೆ ಉತ್ತಮ ನಿದರ್ಶನ. 1999ರಲ್ಲಿ ಜನಿಸಿದ ಇವರು 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಕ್ಲಬ್ಬಿನ ಮೀಸಲು ತಂಡದಲ್ಲಿ ಪಳಗಿದರು. ಮುಂಭಾಗದ ಅಂಚಿನಲ್ಲಿ ಆಡುತ್ತಿದ್ದವರು ಮೊದಲ ತಂಡದಲ್ಲಿ ನೆಲೆ ಕಂಡದ್ದು ಫುಲ್ ಬ್ಯಾಕ್ ಆಗಿ. 2021-22ರ ಇಂಡಿಯನ್ ಸೂಪರ್ ಲೀಗಿನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಅವರಿಗೆ ದೊರೆಯಿತು. 2022ರ ಮಾರ್ಚ್‌ನಲ್ಲಿ ಬಹರೈನ್ ವಿರುದ್ಧ ಭಾರತದ ಪರ ಮೊದಲ ಬಾರಿಗೆ ಆಡಿದರು. ಆ ಪಂದ್ಯವನ್ನು ಭಾರತ 1-2ರಿಂದ ಸೋತಿತು. ಆದರೆ ಭಾರತದ ಏಕೈಕ ಗೋಲು ಬಂದದ್ದು ರೋಶನ್ ನೀಡಿದ ಚೆಂಡನ್ನು ಮತ್ತೊಬ್ಬ ರಕ್ಷಣಾ ಆಟಗಾರ ರಾಹುಲ್ ಭೇಕೆ ತಲೆಯಿಂದ ಗುರಿ ಸೇರಿಸಿದಾಗ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ತಂಡ ಡ್ಯೂರಾಂಡ್ ಕಪ್ ಗೆದ್ದಿತು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ಬಾಲ್ಯದಲ್ಲಿ ಆಡಿದ ಸ್ಥಾನವೇ ಕೊನೆಯದಲ್ಲ. ತರಬೇತುದಾರ ಹಿಂದೆ ನಿಲ್ಲಿಸಿದನೆಂದು ಮಗು ಕುಗ್ಗಬೇಕಾಗಿಲ್ಲ. ಎರಡನೆಯದು, ದೂರದ ಮಣಿಪುರದಿಂದ ಬಂದವರಿಗೆ ಬೆಂಗಳೂರಿನಲ್ಲಿ ಭಾಷೆ ಅಡ್ಡಿಯಾಗಲಿಲ್ಲವೆಂದ ಮೇಲೆ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳಿಗೆ ಅದು ಅಡ್ಡಿಯಾಗದು.

ಅವಕಾಶಗಳೂ ಬಹುದೂರವಿಲ್ಲ. ಅನಂತಪುರದಲ್ಲಿ ವಿನ್ಸೆಂಟ್ ಫೆರರ್ ಅವರು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್‌ನ ಕ್ರೀಡಾಗ್ರಾಮವಿದೆ. ಅಲ್ಲಿ ಸ್ಪೇನಿನ ಲಾ ಲಿಗಾ ಸಂಸ್ಥೆಯ ಸಹಯೋಗದಲ್ಲಿ ಫುಟ್ಬಾಲ್ ತರಬೇತಿ ಬೆಳೆದುಬಂದಿದ್ದು, ಬಾಲಕಿಯರೂ ಅದರಲ್ಲಿ ಪಾಲ್ಗೊಂಡಿದ್ದಾರೆ. ಕಲ್ಯಾಣದುರ್ಗದವರಿಗೆ ಬಳ್ಳಾರಿ ಸೀಮೆಯೂ ಹತ್ತಿರ. ಅಲ್ಲಿ 2018ರಲ್ಲಿ ಆರಂಭವಾದ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ರೂಪುಗೊಂಡಿತು. ಹಿಂದೂಪುರದವರಿಗಾದರೋ ಬೆಂಗಳೂರಿಗೆ ರೈಲೇ ಇದೆ.

ಆದರೆ ಈ ವೃತ್ತಿಯ ಇನ್ನೊಂದು ಮುಖವನ್ನೂ ಪಾಲಕರು ಅರಿಯಬೇಕು. ಹಿಂದೆ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಮುಂತಾದ ಸಾರ್ವಜನಿಕ ಉದ್ಯಮಗಳ ತಂಡಗಳಿದ್ದವು. ಆಟದೊಂದಿಗೆ ನೌಕರಿ ದೊರೆಯುತ್ತಿತ್ತು. ಕಾಲು ಸೋತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ಇಂದಿನ ಕ್ಲಬ್ ಆಟಗಾರನದು ನಿಗದಿತ ಅವಧಿಯ ಒಪ್ಪಂದ. ಸಂಬಳ ಹೆಚ್ಚಾದರೂ ಭದ್ರತೆ ಕಡಿಮೆ. ಸೂಪರ್ ಲೀಗಿನ ಹಕ್ಕುಗಳ ಒಪ್ಪಂದದ ನವೀಕರಣ ಇತ್ಯರ್ಥವಾಗದೆ 2025ರ ಜುಲೈಯಲ್ಲಿ ಹೊಸ ಋತುವನ್ನು ತಡೆಹಿಡಿಯಲಾಯಿತು. ಮರುತಿಂಗಳೇ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವುದಾಗಿ ಪ್ರಕಟಿಸಿತು. ದೇಶದ ಅತ್ಯುನ್ನತ ಲೀಗಿನ ಆಟಗಾರರಿಗೇ ಹೀಗಾದರೆ, ಕೆಳಹಂತದವರ ಪಾಡನ್ನು ಊಹಿಸಬಹುದು. ಮಂಡಿಗೆ ತಗುಲುವ ಒಂದು ಪೆಟ್ಟೂ ಇಡೀ ವರ್ಷವನ್ನು ಕಸಿಯಬಲ್ಲದು.

ಹಾಗಾದರೆ ಪಾಲಕರು ಮಾಡಬೇಕಾದದ್ದೇನು? ಮೊದಲು, ದಾಖಲೆಗಳನ್ನು ಸರಿಪಡಿಸಿಕೊಳ್ಳಬೇಕು. ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲೆಗಳಲ್ಲಿ ಹೆಸರೂ ಹುಟ್ಟಿದ ದಿನಾಂಕವೂ ಒಂದೇ ಆಗಿರಲಿ. ಕನ್ನಡದಿಂದ ತೆಲುಗಿಗೆ, ಅಲ್ಲಿಂದ ಇಂಗ್ಲಿಷಿಗೆ ಬರೆಯುವಾಗ ನಮ್ಮ ಹೆಸರುಗಳು ಬದಲಾಗುವುದುಂಟು. ಕಿರಿಯರ ಪಂದ್ಯಾವಳಿಗಳಲ್ಲಿ ಮಣಿಕಟ್ಟಿನ ಎಲುಬಿನ ಎಕ್ಸ್-ರೇ ತೆಗೆದು ವಯಸ್ಸನ್ನು ಅಂದಾಜಿಸುವ ಕ್ರಮವಿದೆ. ವಯಸ್ಸು ಇಳಿಸಿ ಬರೆಸುವ ಆಸೆ ಮಗುವಿನ ಭವಿಷ್ಯಕ್ಕೇ ಮುಳುವಾಗುತ್ತದೆ. ಎರಡನೆಯದಾಗಿ, ಅಕಾಡೆಮಿಗೆ ಸೇರಿಸುವ ಮುನ್ನ ಅಲ್ಲಿ ಓದಿನ ವ್ಯವಸ್ಥೆ ಏನು, ಪರೀಕ್ಷೆ ಯಾವ ಮಾಧ್ಯಮದಲ್ಲಿ, ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು ಎಂದು ಕೇಳಿ ತಿಳಿಯಬೇಕು. ಮೂರನೆಯದಾಗಿ, ಯಾವುದೇ ಒಪ್ಪಂದಪತ್ರಕ್ಕೆ ಸಹಿ ಹಾಕುವ ಮುನ್ನ ತಿಳಿದವರಿಂದ ಓದಿಸಿ ಅರ್ಥ ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಹತ್ತನೆಯ ತರಗತಿಯನ್ನೂ ಮುಂದಿನ ಓದನ್ನೂ ಬಿಡಿಸಬಾರದು. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳು ಕ್ರೀಡಾ ಮೀಸಲಿನಲ್ಲಿ ನೌಕರಿ ಕೊಡುವಾಗಲೂ ವಿದ್ಯಾರ್ಹತೆ ಕೇಳುತ್ತವೆ. ಕನ್ನಡ ಶಾಲೆಯಲ್ಲಿ ಗಟ್ಟಿಯಾಗಿ ಓದು ಕಲಿತ ಮಗು ಆಟ ನಿಂತ ಮೇಲೂ ತರಬೇತುದಾರನಾಗಿ, ರೆಫರಿಯಾಗಿ, ದೈಹಿಕ ಶಿಕ್ಷಣ ಶಿಕ್ಷಕನಾಗಿ ಬಾಳಬಹುದು. ರಕ್ಷಣಾ ಆಟಗಾರನಿಗೆ ಹೇಳಿಕೊಡುವ ಮೊದಲ ಪಾಠವೂ ಅದೇ: ಮುಂದೆ ನುಗ್ಗುವಾಗಲೂ ಹಿಂದಿನ ಜಾಗ ಬರಿದಾಗದಂತೆ ನೋಡಿಕೊಳ್ಳಬೇಕು.