ಎಲೆಯ ಹೆಸರು ಅಡಿಕೆಗೆ ಅಂಟಿದ್ದು

ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಯಾವ ಪಾನಂಗಡಿ ಮುಂದೆ ನಿಂತರೂ ಎಲೆ ಎಲೆಯೇ, ಅಡಿಕೆ ಅಡಿಕೆಯೇ. ಒದ್ದೆ ಬಟ್ಟೆಯಿಂದ ಎಲೆ ತೆಗೆದು, ತೊಟ್ಟು ಚಿವುಟಿ, ಸುಣ್ಣ ಸವರಿದ ಮೇಲಷ್ಟೇ ಅಡಿಕೆಯ ಸರದಿ. ಇಂಗ್ಲಿಷಿನವರು ಮಾತ್ರ ಅಡಿಕೆಯನ್ನು ‘ಬೀಟಲ್ ನಟ್’ ಅಂದರು. ಬೀಟಲ್ ಅಂದರೆ ವೀಳ್ಯದೆಲೆ! ಅದು ಮೆಣಸಿನ ಕುಲದ ಬಳ್ಳಿ; ಅಡಿಕೆಯದು ತಾಳೆಯ ಕುಲ. ಈ ಜೋಡುಪದ ಎಲ್ಲಿಂದ ಬಂತು?

ಜಾಡು ಹಿಡಿದವರು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುವರ ಭೂತಾರಾಧನೆಯ ಪಾಡ್ದನಗಳನ್ನು ಕೂಡಿಟ್ಟವನು. ಇಬ್ಬರೂ ಸೇರಿ ಕಟ್ಟಿದ ‘ಹಾಬ್ಸನ್-ಜಾಬ್ಸನ್’ ನಿಘಂಟು 1886ರಲ್ಲಿ ಹೊರಬಂತು; ಬರ್ನೆಲ್ ಅದನ್ನು ನೋಡಲಿಲ್ಲ, 1882ರಲ್ಲೇ ತೀರಿಕೊಂಡಿದ್ದ. ಅವರ ಪದ್ಧತಿ ಸರಳ, ಆದರೆ ಬೆವರಿಳಿಸುವಂಥದ್ದು: ಒಂದೊಂದು ಪದಕ್ಕೂ ಹಳೆಯ ಪ್ರವಾಸಿಗಳ ಬರಹದಿಂದ ಸಾಲು ಹೆಕ್ಕಿ, ಇಸವಿ ಹಚ್ಚಿ, ಒಂದರ ಕೆಳಗೊಂದು ಜೋಡಿಸುವುದು. ಹಾಗೆ ಜೋಡಿಸಿದಾಗ ತಪ್ಪಿಗೂ ವಯಸ್ಸು ಸಿಕ್ಕಿತು. ಅದು 1673ರ ಫ್ರೈಯರನಷ್ಟು ಹಳೆಯದು ಎಂದು ಅವರು ಬರೆದರು. ಈ ಜಾನ್ ಫ್ರೈಯರ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ನಮ್ಮ ಕಾರವಾರ, ಗೋಕರ್ಣವನ್ನೂ ಸುತ್ತಿದ್ದವನು.

ಪೋರ್ಚುಗೀಸರ ತಲೆಗೆ ಇದನ್ನು ಕಟ್ಟುವಂತಿಲ್ಲ. ಗೋವೆಯಲ್ಲಿದ್ದ ವೈದ್ಯ ಗಾರ್ಸಿಯಾ ದ ಓರ್ತ 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಗ್ರಂಥದಲ್ಲಿ ಅಡಿಕೆಗೂ ಎಲೆಗೂ ಬೇರೆ ಬೇರೆ ಅಧ್ಯಾಯವನ್ನೇ ಕೊಟ್ಟಿದ್ದ. ಪದಗಳೂ ಅವರ ಬಾಯಿಂದಲೇ ಇಂಗ್ಲಿಷಿಗೆ ದಾಟಿದವು. ಮಲಯಾಳದ ವೆಟ್ಟಿಲ ಬೀಟಲ್ ಆಯಿತು. ಅಡಕ್ಕ ‘ಅರೆಕ’ ಆಯಿತು. ನಮ್ಮ ‘ಡ’ಕಾರ ಅವರ ಕಿವಿಗೆ ‘ರ’ಕಾರವಾಗಿ ಕೇಳಿಸಿತು. ನಮ್ಮ ಅಡಿಕೆಗೂ ಆ ಅಡಕ್ಕಕ್ಕೂ ದ್ರಾವಿಡ ಮೂಲವೊಂದೇ. ಹಾಗಾಗಿ ‘ಅರೆಕ ನಟ್’ ಅಂದಾಗಲೆಲ್ಲ ಇಂಗ್ಲಿಷಿನವರು ಅರ್ಧ ನಮ್ಮ ಮಾತನ್ನೇ ಆಡುತ್ತಾರೆ.

ತಪ್ಪು ಹುಟ್ಟಿದ್ದು ಹೇಗೆ? ನನ್ನ ಊಹೆ ಇಷ್ಟೆ: ಎಲೆ, ಅಡಿಕೆ, ಸುಣ್ಣ ಒಂದೇ ಬಾಯಿಗೆ ಹೋಗುವುದನ್ನು ಕಂಡವರು ಇಡೀ ತಾಂಬೂಲವನ್ನೇ ಬೀಟಲ್ ಅಂದುಕೊಂಡರು. ಅದರೊಳಗಿನ ಗಟ್ಟಿ ಕಾಯಿ ‘ಬೀಟಲ್ಲಿನ ಕಾಯಿ’ ಆಯಿತು.

ಯೂಲ್ ತಪ್ಪೆಂದು ಹೇಳಿ 130 ವರ್ಷ ದಾಟಿದರೂ ಆ ಹೆಸರು ಸತ್ತಿಲ್ಲ. ಇಂಗ್ಲಿಷ್ ಪತ್ರಿಕೆಗಳಲ್ಲಿ ಇಂದಿಗೂ ಕಾಣುತ್ತದೆ. ಬೆಳೆಗಾರರು ಮಾತ್ರ ಮೋಸಹೋಗಲಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಪೂರ್ಣ ಇಂಗ್ಲಿಷ್ ಹೆಸರಿನಲ್ಲಿರುವುದು ‘ಅರೆಕನಟ್’, ‘ಬೀಟಲ್ ನಟ್’ ಅಲ್ಲ.